ಉತ್ತಮ ಕ್ಷಮೆ: ಮರಳಿ ಬಂದ ತಂದೆ ಮತ್ತು ಮಗ

ದಶಲಕ್ಷಣ ಪರ್ವವು ಭಾದ್ರಪದ ಶುದ್ಧ ಪಂಚಮಿಯಂದು ಉತ್ತಮ ಕ್ಷಮೆಯಿಂದ ಆರಂಭವಾಗಿ ಚತುರ್ದಶಿಗೆ ಮುಗಿಯುತ್ತದೆ. ಬಹುಳ ಪಾಡ್ಯದಂದು ಕ್ಷಮಾವಣಿ. ಹತ್ತು ದಿನಗಳ ಏಕಾಶನವನ್ನು ಪಾಲಿಸಿದವರಿಗೂ, ಪಾಡ್ಯದಂದು ಒಬ್ಬ ವ್ಯಕ್ತಿಯ ಮುಂದೆ ಕೈಜೋಡಿಸುವುದು ಕೆಲವೊಮ್ಮೆ ಉಪವಾಸಕ್ಕಿಂತ ಕಠಿನವಾಗುತ್ತದೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯಿಂದ ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋದವರು ಬಹುಮಂದಿ. ಹಾಗೆ ಹೋದ ತಂದೆಯೊಬ್ಬನು ಹತ್ತು ವರ್ಷ ಸುದ್ದಿಯನ್ನೂ ಹಣವನ್ನೂ ಕಳುಹಿಸದೆ ಇದ್ದು ಮನೆಗೆ ಮರಳಿದನೆಂದು ಭಾವಿಸಿರಿ. ಮಗನಿಗೆ ಈಗ ಹದಿನೈದು. ಕ್ಷಮಾವಣಿಯಂದು ಅವನು ತಾಯಿಗೆ, ಅಜ್ಜಿಗೆ, ಸೋದರಮಾವನಿಗೆ ಕೈಮುಗಿಯುತ್ತಾನೆ. ತಂದೆಯನ್ನು ದಾಟಿ ಹೋಗುತ್ತಾನೆ. “ತಪ್ಪು ಮಾಡಿದವರು ಅವರು. ಕೈಮುಗಿಯಬೇಕಾದವನು ನಾನೇ?” ಎಂದು ಕೇಳುತ್ತಾನೆ. ಪ್ರಶ್ನೆ ಅನ್ಯಾಯದ್ದಲ್ಲ.

ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಇಂತಹ ಒಬ್ಬ ಮಗನಿದ್ದಾನೆ. ಕೀರ್ತಿಧರ ರಾಜನು ಮಗು ಸುಕೋಸಲನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ಪಡೆದನು. ಕಾಲಾಂತರದಲ್ಲಿ ಆ ಮುನಿಯು ಚರಿಗೆಗಾಗಿ ಅದೇ ನಗರಕ್ಕೆ ಬಂದಾಗ ರಾಣಿ ಸಹದೇವಿಯು ಸಿಟ್ಟಿನಿಂದ ಹೊರಗಟ್ಟಿಸಿದಳು. ದಾದಿಯು ಅಳುವುದನ್ನು ಕಂಡು ಕಾರಣ ಕೇಳಿದ ಸುಕೋಸಲನು ತಂದೆಯಿದ್ದಲ್ಲಿಗೆ ಹೋಗಿ ಪಾದಕ್ಕೆರಗಿ ತಾನೂ ಮುನಿಯಾದನು. ತಾಯಿಯು ಆರ್ತಧ್ಯಾನದಿಂದ ಸತ್ತು ಹೆಣ್ಣುಹುಲಿಯಾಗಿ ಹುಟ್ಟಿ ಮಗನ ಮೇಲೆಯೇ ಎರಗಿದಳು. ಅವನು ಸಮತೆಯಿಂದ ಸಹಿಸಿದನು. ಸುಕೌಶಳಸ್ವಾಮಿಯ ಕಥೆ ನಮ್ಮ ವಡ್ಡಾರಾಧನೆಯಲ್ಲಿಯೂ ಇದೆ.

ಕೀರ್ತಿಧರನು ಹೋದದ್ದು ವೈರಾಗ್ಯದಿಂದ. ಮುಂಬಯಿಯ ತಂದೆ ಹೋದದ್ದು ಹಾಗಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಬಿಟ್ಟುಹೋದವನ ಮೇಲಿನ ಕೋಪವು ಬಿಡಲ್ಪಟ್ಟವರನ್ನು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಸಹದೇವಿಯೇ ಸಾಕ್ಷಿ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ಶಿಲೆ, ನೆಲ, ಧೂಳಿ, ನೀರುಗಳ ಮೇಲಿನ ಗೆರೆಗೆ ಹೋಲಿಸಿದ್ದಾರೆ. ಮರವಂತೆಯ ಮಳಲಿನ ಗೆರೆಯನ್ನು ಒಂದು ಅಲೆ ಅಳಿಸುತ್ತದೆ. ಬಾರಕೂರಿನ ಕಲ್ಲಿನ ಗೆರೆ ಶತಮಾನಗಳ ಮೇಲೂ ಉಳಿದಿದೆ. ಕಷಾಯದ ವಾಸನಾಕಾಲವನ್ನೂ ಅಲ್ಲಿಯೇ ಹೇಳಿದೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಕ್ಕೆ 15 ದಿನ, ಅಪ್ರತ್ಯಾಖ್ಯಾನಕ್ಕೆ 6 ತಿಂಗಳು, ಅದನ್ನೂ ಮೀರಿ ಭವಭವಾಂತರಕ್ಕೆ ಹಿಂಬಾಲಿಸುವುದು ಅನಂತಾನುಬಂಧಿ. ಹುಡುಗನ ಕೋಪ ಹುಟ್ಟಿದ್ದು ತಂದೆಯ ತಪ್ಪಿನಿಂದ. ಅದನ್ನು ಕಾಪಿಡುವ ಹೊರೆ ಮಾತ್ರ ಅವನದೇ.

ಕ್ಷಮೆಯೆಂದರೆ ತಪ್ಪನ್ನು ಸರಿಯೆನ್ನುವುದಲ್ಲ. ತತ್ವಾರ್ಥಸೂತ್ರವು ಹೇಳುವ 9 ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ದೋಷವನ್ನು ಮುಚ್ಚಿಡದೆ ಒಪ್ಪಿಕೊಳ್ಳುವುದು. ಅದು ತಂದೆಯ ಕರ್ತವ್ಯ. ತಾಯಿಯ ನಂಬಿಕೆಯನ್ನು ಮರಳಿ ಗಳಿಸುವುದೂ ಅವನದೇ. ಹಿರಿಯರು ಅವಳನ್ನಾಗಲಿ ಮಗನನ್ನಾಗಲಿ ಒತ್ತಾಯಿಸಬಾರದು. ಬಲವಂತದ ಕೈಮುಗಿತವು ಕ್ಷಮೆಯಲ್ಲ, ಮಾಯಾಚಾರ.

ಮಗನು ಕೈಗೊಳ್ಳಬಹುದಾದ ನಿಯಮ ಚಿಕ್ಕದು. ದಿನಕ್ಕೊಮ್ಮೆ ಎರಡು ಗಳಿಗೆ ಸಾಮಾಯಿಕದಲ್ಲಿ ಕುಳಿತು ತನ್ನ ನೋವನ್ನು ನೋವೆಂದೇ ಅರಿಯಲಿ. ತಂದೆಗೆ ಕೇಡನ್ನು ಬಯಸದಿರಲಿ. ದಿನಕ್ಕೊಂದು ಮಾತನ್ನು ಕಹಿಯಿಲ್ಲದೆ ಆಡಲಿ. ಪಾಡ್ಯವು ಮುಂದಿನ ವರ್ಷವೂ ಬರುತ್ತದೆ. “ಅಪ್ಪಯ್ಯ, ಹೊತ್ತು ಮುಳುಗುತ್ತಾ ಬಂತು, ಊಟಕ್ಕೆ ಬನ್ನಿ” ಎಂದು ಒಂದು ಸಂಜೆ ಅವನು ಕರೆದನಾದರೆ, ಆ ಮನೆಗೆ ಕ್ಷಮಾವಣಿ ಆ ದಿನವೇ ಬಂದಂತೆ.