ಸವಲತ್ತು, ಪೌರತ್ವ, ಪಾಸ್‌ಪೋರ್ಟ್: ಕ್ಯಾಂಪಿನ ಕಡತಗಳು ಕಲಿಸಿದ ಪಾಠ

ಹುಣಸೂರು ಉಪವಿಭಾಗದಲ್ಲಿ ವಕೀಲಿಕೆ ಮಾಡುವವರಿಗೆ ಟಿಬೆಟಿಯನ್ ಕ್ಯಾಂಪುಗಳ ಕಾಗದಪತ್ರ ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ, ಹುಣಸೂರಿನ ಗುರುಪುರದಲ್ಲಿ 1970ರ ದಶಕದಿಂದ ಟಿಬೆಟಿಯನ್ ನಿರಾಶ್ರಿತರು ನೆಲೆಸಿದ್ದಾರೆ. "ಸರ್, ಕ್ಯಾಂಪಿನ ಜಮೀನು ಉಳ್ತಾ ಇದ್ದೀವಿ, ಸಹಾಯಧನ ತಗೊಂಡಿದ್ದೀವಿ. ಪಾಸ್‌ಪೋರ್ಟ್ ಸಿಗುತ್ತಾ?" ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು.

1. ಮೊದಲು ಹುಟ್ಟಿದ ತಾರೀಖು ನೋಡಿ. 1955ರ ಪೌರತ್ವ ಕಾಯ್ದೆಯ 3ನೇ ಕಲಮಿನಂತೆ, 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ತಂದೆತಾಯಿ ನಿರಾಶ್ರಿತರಾಗಿದ್ದರೂ ಅಡ್ಡಿಯಿಲ್ಲ. ಪಡೆದ ಸವಲತ್ತಿನ ಮಾತೇ ಆ ಕಲಮಿನಲ್ಲಿಲ್ಲ.

2. ಮಕ್ಕಳ ಹಕ್ಕು ಹೆತ್ತವರ ದಾಖಲೆಯಲ್ಲಿದೆ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ಕ್ಕೆ ಮುಂಚೆ ಇಲ್ಲಿ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. ತಾಯಿ 1965ರಲ್ಲಿ ಬೈಲಕುಪ್ಪೆಯಲ್ಲೇ ಹುಟ್ಟಿದ್ದರೆ 1990ರಲ್ಲಿ ಹುಟ್ಟಿದ ಮಗನೂ ಪ್ರಜೆಯೇ. ಆದರೆ ಅವನ ಕಡತದ ಮೊದಲ ಹಾಳೆ ಅಮ್ಮನ ಜನನ ಪ್ರಮಾಣಪತ್ರ.

3. ನೋಂದಣಿಯಾಗದ ಜನನವನ್ನು ಮೊದಲು ಸರಿಪಡಿಸಿ. ವರ್ಷ ಮೀರಿದ ನೋಂದಣಿಗೆ ಮುಂಚೆ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಉಪವಿಭಾಗಾಧಿಕಾರಿಯಂಥ ದಂಡಾಧಿಕಾರಿಗಳಿಗೆ ಬಂದಿದೆ. ಶಾಲಾ ದಾಖಲೆ, ಆಸ್ಪತ್ರೆ ಚೀಟಿ, ಆರ್‌ಸಿ (ಟಿಬೆಟಿಯನ್ನರಿಗೆ ಕೊಡುವ ನೋಂದಣಿ ಪ್ರಮಾಣಪತ್ರ) ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ.

4. ಸವಲತ್ತು ಪೌರತ್ವವನ್ನು ಕಸಿಯುವುದಿಲ್ಲ, ಪಾಸ್‌ಪೋರ್ಟಿಗೆ ಅಡ್ಡ ಬರಬಹುದು. 2013ರಲ್ಲಿ ಕರ್ನಾಟಕ ಹೈಕೋರ್ಟ್, 2016ರಲ್ಲಿ ದೆಹಲಿ ಹೈಕೋರ್ಟ್ ಹೀಗೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರ ಪೌರತ್ವವನ್ನು ಎತ್ತಿಹಿಡಿದವು. ಪಾಸ್‌ಪೋರ್ಟ್ ಕೊಡಲು ವಿದೇಶಾಂಗ ಸಚಿವಾಲಯ 2017ರ ಮಾರ್ಚ್‌ನಲ್ಲಿ ಒಪ್ಪಿತು, ಜೂನ್‌ನಲ್ಲಿ ಷರತ್ತು ಹಾಕಿತು: ಆರ್‌ಸಿ ಮತ್ತು ಹಳದಿ ಪುಸ್ತಕ (ವಿದೇಶ ಪ್ರಯಾಣಕ್ಕೆ ಕೊಡುವ ಗುರುತಿನ ಪ್ರಮಾಣಪತ್ರ) ರದ್ದಾಗಬೇಕು, ಕ್ಯಾಂಪಿನಲ್ಲಿ ವಾಸವಿರಬಾರದು, ಧರ್ಮಶಾಲೆಯಲ್ಲಿರುವ ಟಿಬೆಟಿಯನ್ ಆಡಳಿತದ ನೆರವನ್ನೂ ಆರ್‌ಸಿ ಆಧಾರದ ಸಹಾಯಧನವನ್ನೂ ಪಡೆಯುತ್ತಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಇಂಥ ಷರತ್ತು ಬದಲಾಗುತ್ತಿರುತ್ತದೆ. ಈಗ ಯಾವುದಿದೆಯೆಂದು ಪಾಸ್‌ಪೋರ್ಟ್ ಕಚೇರಿಯನ್ನು ಲಿಖಿತವಾಗಿ ಕೇಳಿ.

5. ಬಿಡುವುದೇನು, ಉಳಿಯುವುದೇನು ಎಂದು ಬೇರ್ಪಡಿಸಿ. ಆ ಮುಚ್ಚಳಿಕೆ ನಿರಾಶ್ರಿತರೆಂಬ ಕಾರಣಕ್ಕೆ ಸಿಕ್ಕಿದ್ದನ್ನು ಕುರಿತದ್ದು. ಪ್ರಜೆಯಾಗಿ ಪಡಿತರ ಚೀಟಿಗೋ ವೃದ್ಧಾಪ್ಯ ವೇತನಕ್ಕೋ ಅರ್ಹತೆಯಿದ್ದರೆ ಎಲ್ಲರಂತೆ ಅರ್ಜಿ ಹಾಕಬಹುದು.

6. ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕಿ. ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಸ್ವೆಟರ್ ಮಾರಿ ಬದುಕುವ ಕುಟುಂಬಕ್ಕೆ ಕ್ಯಾಂಪಿನ ಮನೆ ಬಿಡುವುದು ಸಣ್ಣ ಮಾತಲ್ಲ. ಹೊರದೇಶಕ್ಕೆ ಓದಲು ಹೋಗುವ ಮಗಳು ಅರ್ಜಿ ಹಾಕಲಿ. ಎಪ್ಪತ್ತು ದಾಟಿದ ಅಜ್ಜಿ, ಅಲ್ಲೇ ಇರಬೇಕೆಂದರೆ, ಇರಲಿ. ಒಬ್ಬರ ಅರ್ಜಿ ಇನ್ನೊಬ್ಬರನ್ನು ಕಟ್ಟಿಹಾಕಬೇಕಿಲ್ಲ.

7. ಸ್ವೀಕೃತಿ ಇಲ್ಲದೆ ಆರ್‌ಸಿ ಒಪ್ಪಿಸಬೇಡಿ. ಆರ್‌ಸಿಯೂ ಇಲ್ಲ, ಪಾಸ್‌ಪೋರ್ಟೂ ಇಲ್ಲ ಎಂಬ ನಡುವಿನ ತಿಂಗಳುಗಳಲ್ಲಿ ಆ ಸ್ವೀಕೃತಿ ಚೀಟಿಯೇ ನಿಮ್ಮ ಗುರುತು. ಕ್ಯಾಂಪಿನಲ್ಲೇ ಇದ್ದುಕೊಂಡು ಇಲ್ಲವೆಂದು ಮುಚ್ಚಳಿಕೆಗೆ ಸಹಿ ಹಾಕಬೇಡಿ. ಪೊಲೀಸ್ ಪರಿಶೀಲನೆ ಮನೆ ಬಾಗಿಲಿಗೇ ಬರುತ್ತದೆ.

ಸವಲತ್ತಿಗೂ ಪೌರತ್ವಕ್ಕೂ ನಂಟು ಹಾಕುವ ದೇಶಗಳೂ ಇವೆ. ಜರ್ಮನಿಯಲ್ಲಿ ಪೌರತ್ವ ಕೇಳುವ ವಲಸಿಗರು ಸರ್ಕಾರದ ಜೀವನಭತ್ಯೆ ಇಲ್ಲದೆ ಬದುಕಬಲ್ಲೆವೆಂದು ತೋರಿಸಬೇಕಾಗುತ್ತದೆ. ಆ ವಲಸಿಗರಿಗೆ ಪೌರತ್ವ ಕೇಳಿ ಪಡೆಯುವಂಥದ್ದು. ಮೇಲೆ ಹೇಳಿದ ತಾರೀಖುಗಳೊಳಗೆ ಇಲ್ಲಿ ಹುಟ್ಟಿದವರದು ಆಗಲೇ ಬಂದಿರುವ ಹಕ್ಕು. ಸಹಾಯ ಪಡೆದೆವೆಂಬ ಅಳುಕಿನಿಂದ ಅದನ್ನು ಬಿಟ್ಟುಕೊಡಬೇಡಿ. ದಾಖಲೆ ಹೊಂದಿಸಿಕೊಂಡು ಹೋಗಿ ಕೇಳಿ.