ಪೈಪು ತೆಗೆಯುವಾಗ ಕೆಮ್ಮದಂತೆ ಮದ್ದು

ಪ್ರಶ್ನೆ: ನಮ್ಮ ತಾಯಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಬೇಕಿದೆ. ಕೊನೆಯಲ್ಲಿ ಗಂಟಲಿನ ಉಸಿರಾಟದ ಪೈಪು ತೆಗೆಯುವಾಗ ಕೆಮ್ಮು ಬಾರದಂತೆ ಔಷಧ ಕೊಡುತ್ತಾರಂತೆ. ಕೆಮ್ಮಿದರೆ ಏನಾಗುತ್ತದೆ? ಆ ಔಷಧದಿಂದ ತೊಂದರೆ ಇಲ್ಲವೇ?
– ಓದುಗರು, ಕರಿಘಟ್ಟ, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಬಹುಪಾಲು ಜನ ಕೆಮ್ಮಿಕೊಂಡೇ ಎಚ್ಚರಾಗುತ್ತಾರೆ, ಏನೂ ಆಗುವುದಿಲ್ಲ. ನಿಮ್ಮ ತಾಯಿಗೆ ಗಾಯ ಇರುವುದು ಕುತ್ತಿಗೆಯಲ್ಲೇ ಆದ್ದರಿಂದ ಈ ಎಚ್ಚರಿಕೆ. ಮುಕ್ಕಿ ಮುಕ್ಕಿ ಕೆಮ್ಮಿದಾಗ ಬಿಪಿ ಏರುತ್ತದೆ, ಕುತ್ತಿಗೆಯ ರಕ್ತನಾಳಗಳು ಉಬ್ಬುತ್ತವೆ. ಆಗಷ್ಟೇ ಕಟ್ಟಿದ ನಾಳ ಬಿಚ್ಚಿಕೊಂಡರೆ ರಕ್ತ ಒಳಗೇ ತುಂಬಿ ಉಸಿರುದಾರಿಯನ್ನು ಒತ್ತಬಹುದು. ಇದು ಅಪರೂಪ, ಆದರೆ ಆದಾಗ ನಿಮಿಷಗಳೂ ಅಮೂಲ್ಯ. ಕಣ್ಣು, ಮಿದುಳಿನ ಆಪರೇಷನ್‌ಗಳಲ್ಲೂ ಇದೇ ಕಾಳಜಿ.

ಹೆಚ್ಚು ಬಳಕೆಯಲ್ಲಿರುವುದು ಲಿಗ್ನೋಕೈನ್. ಹಲ್ಲು ಕೀಳುವ ಮೊದಲು ವಸಡಿಗೆ ಚುಚ್ಚುತ್ತಾರಲ್ಲ, ಅದೇ ಮದ್ದು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ದೇಹತೂಕದ ಪ್ರತಿ ಕಿಲೋಗೆ 1ರಿಂದ 1.5 ಮಿಲಿಗ್ರಾಂ ಲೆಕ್ಕದಲ್ಲಿ, ಪೈಪು ತೆಗೆಯುವ ಒಂದೆರಡು ನಿಮಿಷ ಮೊದಲು ರಕ್ತನಾಳಕ್ಕೆ ಕೊಡುತ್ತಾರೆ. ಇನ್ನೊಂದು ಡೆಕ್ಸ್‌ಮೆಡೆಟೊಮಿಡಿನ್. ಇದನ್ನು ಸುಮಾರು 10 ನಿಮಿಷ ನಿಧಾನವಾಗಿ ಹರಿಸುತ್ತಾರೆ. ಉಸಿರನ್ನು ಅಷ್ಟಾಗಿ ಕುಗ್ಗಿಸದೆ ಮನಸ್ಸನ್ನು ಶಾಂತವಾಗಿಡುವುದು ಇದರ ದೊಡ್ಡ ಗುಣ. ಆದರೆ ನಾಡಿ ನಿಧಾನವಾಗಬಹುದು, ಬಿಪಿ ಇಳಿಯಬಹುದು, ಮಂಪರು ಸ್ವಲ್ಪ ಹೊತ್ತು ಉಳಿಯಬಹುದು.

ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಕೆಮ್ಮು ಶ್ವಾಸಕೋಶದ ಕಾವಲುಗಾರ. ಅದನ್ನು ಪೂರ್ತಿ ಮಲಗಿಸಿಬಿಟ್ಟರೆ ಜೊಲ್ಲೋ ಹೊಟ್ಟೆಯಲ್ಲಿದ್ದದ್ದೋ ಶ್ವಾಸನಾಳಕ್ಕೆ ಇಳಿದೀತು. ಹಾಗಾಗಿ ವೈದ್ಯರು ಕೆಮ್ಮಿನ ಅಬ್ಬರವನ್ನಷ್ಟೇ ತಗ್ಗಿಸುತ್ತಾರೆ. ತಾಯಿ ತಾವಾಗಿಯೇ ಚೆನ್ನಾಗಿ ಉಸಿರಾಡಬೇಕು, ಸ್ನಾಯುಗಳಿಗೆ ಬಲ ಮರಳಿರಬೇಕು, ಸಾಮಾನ್ಯವಾಗಿ ಕರೆದರೆ ಕಣ್ಣು ತೆರೆಯಬೇಕು. ಆಮೇಲೆಯೇ ಪೈಪು ಹೊರಗೆ. ಈ ಹದ ನೋಡುವುದರಲ್ಲೇ ಅರಿವಳಿಕೆ ವೈದ್ಯರ ಕೌಶಲ ಇದೆ.

ಆಪರೇಷನ್‌ಗೆ ಮೈಸೂರಿಗೇ ಹೋಗಿ, ಮಂಡ್ಯಕ್ಕೇ ಹೋಗಿ, ವೈದ್ಯರಿಂದ ಕೆಲವು ಸಂಗತಿ ಮುಚ್ಚಿಡಬೇಡಿ. ಈಚೆಗೆ ನೆಗಡಿ, ಕೆಮ್ಮು ಆಗಿದ್ದರೆ, ಉಬ್ಬಸ ಇದ್ದರೆ, ಸೌದೆ ಒಲೆಯ ಅಥವಾ ಆಲೆಮನೆಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದಿದ್ದರೆ ಹೇಳಿ: ಇಂಥವರ ಗಂಟಲು ಬೇಗ ಕೆರಳುತ್ತದೆ. ಬಿಪಿ, ಹೃದಯದ ಮಾತ್ರೆಗಳ ಚೀಟಿ ಒಯ್ಯಿರಿ. ವೈದ್ಯರು ಹೇಳಿದಷ್ಟು ಹೊತ್ತು ಉಪವಾಸ ಇರಲಿ. 'ಒಂದು ಲೋಟ ಕಾಫಿ ತಾನೇ' ಎಂದು ಪ್ರೀತಿಯಿಂದ ಕುಡಿಸಬೇಡಿ.

ಆಪರೇಷನ್ ಆದ ಮೇಲೆ ಒಂದೆರಡು ದಿನ ಗಂಟಲು ಕೆರೆತ ಸಾಮಾನ್ಯ. ಕುತ್ತಿಗೆ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ತಕ್ಷಣ ನರ್ಸನ್ನು ಕೂಗಿ ಕರೆಯಿರಿ, ಸಂಕೋಚ ಬೇಡ.