ಟ್ರೇಲರಿನ ಭಾರವೂ ಲೈಸೆನ್ಸಿನ ಲೆಕ್ಕವೂ

ಗುಬ್ಬಿಯ ಕಡೆಯಿಂದಲೂ ಕುಣಿಗಲ್ಲಿನ ಕಡೆಯಿಂದಲೂ ತುಮಕೂರಿಗೆ ಬರುವ ರಸ್ತೆಗಳಲ್ಲಿ, ತೆಂಗಿನಕಾಯಿಯನ್ನೋ ಇಟ್ಟಿಗೆಯನ್ನೋ ತುಂಬಿದ ಟ್ರೇಲರನ್ನೆಳೆಯುವ ಟ್ರ್ಯಾಕ್ಟರುಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಎಷ್ಟು ಭಾರವನ್ನೆಳೆಯಿತೆಂದು ಎಲ್ಲರೂ ಮೆಚ್ಚುವರು. ಅಷ್ಟು ಭಾರವನ್ನು ನಿಲ್ಲಿಸುವುದು ಹೇಗೆಂದು ಕೇಳುವವರು ವಿರಳ. ಇಂತಹ ಜೋಡಿಯನ್ನು ನಡೆಸಲು ಬೇಕಾದ ಲೈಸೆನ್ಸು ಯಾವ ತೂಕವನ್ನು ಗಣನೆಗೆ ತೆಗೆದುಕೊಳ್ಳುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

1988ರ ಮೋಟಾರು ವಾಹನ ಕಾಯಿದೆಯು, ಭಾರವಿಲ್ಲದಾಗಿನ ತೂಕ 7500 ಕಿಲೋಗ್ರಾಂ ಮೀರದ ಟ್ರ್ಯಾಕ್ಟರನ್ನು ಲಘು ಮೋಟಾರು ವಾಹನವೆಂದೆಣಿಸುತ್ತದೆ. ನಮ್ಮ ರೈತರ ಟ್ರ್ಯಾಕ್ಟರುಗಳು ಈ ಮಿತಿಗೆ ಎಷ್ಟೋ ಕೆಳಗಿವೆ. ಟ್ರೇಲರು ಸೇರಿದೊಡನೆ ಆ ಲೈಸೆನ್ಸು ಸಾಲದಾಗುವುದೆ? ಅಪಘಾತದಲ್ಲಿ ನೊಂದವರಿಗೆ ವಿಮೆಯ ಪರಿಹಾರ ದೊರೆಯುವುದೂ ಬಿಡುವುದೂ ಈ ಪ್ರಶ್ನೆಯ ಮೇಲೆ ನಿಂತಿತ್ತು. ಕರ್ನಾಟಕದ ಒಂದು ಪ್ರಕರಣದಲ್ಲಿ, 2001ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಟ್ರೇಲರನ್ನು ಜೋಡಿಸಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಲೈಸೆನ್ಸು ನಿರರ್ಥಕವಾಗದೆಂದು ತೀರ್ಮಾನಿಸಿತು. ತೀರ್ಪು ನ್ಯಾಯವಾದುದೇ. ಆದರೆ ಅದರಿಂದ ಟ್ರೇಲರು ಹಗುರವಾಗಲಿಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಟ್ರ್ಯಾಕ್ಟರಿನ ರಾಶಿ 2000 ಕಿಲೋಗ್ರಾಂ, ಅದರ ಬ್ರೇಕಿನ ಬಲ 10,000 ನ್ಯೂಟನ್, ವೇಗ ಗಂಟೆಗೆ 27 ಕಿಲೋಮೀಟರು, ಎಂದರೆ ಸೆಕೆಂಡಿಗೆ 7.5 ಮೀಟರು ಎಂದಿಟ್ಟುಕೊಳ್ಳೋಣ. ಬ್ರೇಕು ಹಿಡಿದ ಮೇಲೆ ಅದು ಸುಮಾರು 5.6 ಮೀಟರಿನಲ್ಲಿ ನಿಲ್ಲುತ್ತದೆ. ಈಗ ಬ್ರೇಕಿಲ್ಲದ, ಸರಕು ಸೇರಿ 4000 ಕಿಲೋಗ್ರಾಂ ತೂಗುವ ನಾಲ್ಕು ಚಕ್ರದ ಟ್ರೇಲರನ್ನು ಜೋಡಿಸಿದರೆ, ಅದೇ ಬಲವು ಮೂರರಷ್ಟು ರಾಶಿಯನ್ನು ತಡೆಯಬೇಕು; ದೂರ ಸುಮಾರು 17 ಮೀಟರಾಗುತ್ತದೆ. ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಾದರೆ ಗುರುತ್ವವು ಸುಮಾರು 2,900 ನ್ಯೂಟನ್ ಬಲದಿಂದ ಮುಂದಕ್ಕೆ ತಳ್ಳುವುದರಿಂದ 24 ಮೀಟರು ಬೇಕು. ಚಾಲಕನ ಕಾಲು ಬ್ರೇಕಿಗೆ ಹೋಗುವ ಮೊದಲೇ ಸಾಗಿದ ದೂರವನ್ನು ನಾವು ಸೇರಿಸಿಯೇ ಇಲ್ಲ.

ಯೂರೋಪಿನಲ್ಲಿ ಜನರು ಮನೆಯಂತಹ ಕ್ಯಾರವಾನುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ವಿಹಾರಕ್ಕೆ ಹೋಗುವುದುಂಟು. ಅಲ್ಲಿಯ ಒಕ್ಕೂಟದ 2006ರ ನಿರ್ದೇಶನವು, ಟ್ರೇಲರು 750 ಕಿಲೋಗ್ರಾಂ ಮೀರಿ ಜೋಡಿಯ ಒಟ್ಟು ತೂಕ 3500 ಮೀರಿದರೆ ಬೇರೆ ತರಬೇತಿಯನ್ನೋ ಪರೀಕ್ಷೆಯನ್ನೋ, 4250 ಮೀರಿದರೆ ಬೇರೆ ವರ್ಗದ ಲೈಸೆನ್ಸನ್ನೇ ವಿಧಿಸಿತು. ಗಮನಿಸಬೇಕಾದುದು, ಅಲ್ಲಿ ಎಣಿಸುವುದು ಸರಕು ಸೇರಿದ ಗರಿಷ್ಠ ತೂಕವನ್ನು. ನಮ್ಮಲ್ಲಿಯೂ ಲೈಸೆನ್ಸಿನ ಪರೀಕ್ಷೆಯಲ್ಲಿ ತುಂಬಿದ ಟ್ರೇಲರನ್ನು ಹಿಂದಕ್ಕೆ ನಡೆಸಿ, ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸುವಂತಾಗಬೇಕೆಂಬುದು ನಮ್ಮ ಅಭಿಪ್ರಾಯ.

ಸರಕನ್ನು ಹೇರುವ ರೀತಿಯೂ ಮುಖ್ಯ. ಎತ್ತಿನ ಗಾಡಿಯ ಕಾಲದಿಂದಲೂ ಮುಂಭಾರ, ಹಿಂಭಾರಗಳ ಮರ್ಮ ನಮ್ಮವರಿಗೆ ತಿಳಿದಿದೆ. ಎರಡು ಚಕ್ರದ ಟ್ರೇಲರಿನಲ್ಲಿ ಮುಂಭಾರ ಅತಿಯಾದರೆ ಕೊಂಡಿಯು ಟ್ರ್ಯಾಕ್ಟರಿನ ಹಿಂಭಾಗವನ್ನು ಒತ್ತಿ ಮುಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟೀರಿಂಗಿಗೆ ಹಿಡಿತ ತಪ್ಪುತ್ತದೆ. ಹಿಂಭಾರವಾದರೆ ಕೊಂಡಿಯು ಮೇಲಕ್ಕೆ ಜಗ್ಗಿ, ಬ್ರೇಕು ಹಿಡಿಯಬೇಕಾದ ಹಿಂದಿನ ಚಕ್ರಗಳೇ ನೆಲದ ಮೇಲಿನ ಒತ್ತಡವನ್ನು ಕಳೆದುಕೊಳ್ಳುತ್ತವೆ.

ಟ್ರ್ಯಾಕ್ಟರಿಗೆ ಎಡಬಲಗಳ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳಿರುತ್ತವೆ. ಹೊಲದಲ್ಲಿ ಚಿಕ್ಕದಾಗಿ ತಿರುಗಲು ಇದು ಅನುಕೂಲ. ರಸ್ತೆಯಲ್ಲಿ ಒಂದೇ ಪೆಡಲನ್ನು ತುಳಿದರೆ ಟ್ರ್ಯಾಕ್ಟರು ಓರೆಯಾಗಿ, ಹಿಂದಿನಿಂದ ನೂಕುವ ಟ್ರೇಲರು ಅದನ್ನು ಮಡಚಿ ಉರುಳಿಸಬಹುದು. ಆದುದರಿಂದ ರಸ್ತೆಗೆ ಇಳಿಯುವ ಮೊದಲೇ ಎರಡು ಪೆಡಲುಗಳನ್ನೂ ಅವುಗಳ ಅಗುಳಿಯಿಂದ ಕೂಡಿಸಬೇಕು. ಇಳಿಜಾರು ಆರಂಭವಾಗುವ ಮುನ್ನ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಇಂಜಿನಿನ ತಡೆಯೂ ತಪ್ಪಿ, ಭಾರವೆಲ್ಲ ಆ ಎರಡು ಚಕ್ರಗಳ ಬ್ರೇಕಿನ ಮೇಲೆಯೇ ಬೀಳುತ್ತದೆ.